ಮಗ್ಗಕ್ಕೆ ಹಿಡಿದಿಟ್ಟ ಜಾಗ

ಎರಡು ವರ್ಷದ ಹಿಂದಿನ ಮಾತು. ಅವತ್ತು ಭಾನುವಾರ. ನಮ್ಮ ಯಜಮಾನರು ಚಳ್ಳಕೆರೆಯ ತಮ್ಮ ರಿಪೇರಿ ಅಂಗಡಿಗೆ ಹೋಗಿರಲಿಲ್ಲ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ನಾನು ಸೀರೆ ನೇಯುತ್ತಿದ್ದೆ. ಅವರು ಮಗ್ಗದ ಪಕ್ಕದಲ್ಲೇ ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಮಾವ ಬಾಗಿಲ ಬಳಿ, ಲಾಳಿಯೊಳಗೆ ಇಡುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದರು.

ಸೀರೆಯಲ್ಲಿ ಹೂವು, ಗಿಳಿ ಮೂಡಲು ಯಾವ ಎಳೆ ಮೇಲೇಳಬೇಕೆಂದು ನೋಡಿಕೊಳ್ಳುವುದು ಮಗ್ಗದ ಮೇಲಿನ ಜಕಾರ್ಡ್. ಮೊದಲು ಅದಕ್ಕೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ಇತ್ತು. ಯಜಮಾನರು ಅದನ್ನು ತೆಗೆದು ಪುಟ್ಟ ಕಂಪ್ಯೂಟರ್ ಬೋರ್ಡ್ ಕೂರಿಸಿ, ಅದರ ಪ್ರೋಗ್ರಾಂ ಕೂಡ ತಾವೇ ಬರೆದಿದ್ದರು. ಬೆಳಿಗ್ಗೆ ಚೆನ್ನಾಗಿ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ, ಗಿಳಿಯ ಬಾಲ ಮೂಡಿ ತಲೆ ಬರುವ ಮೊದಲೇ ನಿಲ್ಲುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಡಿಸೈನ್ ಮೊದಲಿನಿಂದ ಶುರು. ನಾನು ನೇಯ್ದದ್ದನ್ನು ಬಿಚ್ಚಬೇಕು. ಬಿಚ್ಚಿದ ಕಡೆ ರೇಷ್ಮೆ ಜಗ್ಗಿ ಗೆರೆ ಉಳಿಯುತ್ತದೆ.

ಅವತ್ತೂ ನಿಂತಿತು.

"ಲೇ, ನಿನ್ನ ಗಿಳಿಗೆ ಇವತ್ತೂ ತಲೆ ಇಲ್ಲೇನೋ?" ಎಂದರು ಮಾವ. "ದೊಡ್ಡ ಮೆಮೊರಿ ಹಾಕ್ಸು ಅಂದೆ, ಕೇಳ್ಲಿಲ್ಲ."

"ಜಾಗ ಬೇಕಾದಷ್ಟೈತೆ ನಾಯ್ನಾ," ಎಂದು ಯಜಮಾನರು ಅಪ್ಪನಿಗೆ ಹೇಳಿದರು. " ಒಂದೇ ಕಡೆ ಇಲ್ಲ, ಅಷ್ಟೇ. ಚಳ್ಳಕೆರೆ ಬಸ್ಸಲ್ಲಿ ಹತ್ತು ಸೀಟು ಖಾಲಿ ಇರ್ತಾವೆ, ಅಲ್ಲೊಂದು ಇಲ್ಲೊಂದು. ಹೆಣ್ಣು ನೋಡೋಕೆ ಹೊರಟ ಐದು ಜನ ಒಟ್ಟಿಗೇ ಕೂರಬೇಕು ಅಂದ್ರೆ ಎಲ್ಲಿ ಕೂರ್ಸೋದು? ಈ ಜಕಾರ್ಡಿಗೂ ಒಂದಕ್ಕೊಂದು ಅಂಟಿದ ಜಾಗನೇ ಬೇಕು. ಮಧ್ಯಾಹ್ನದೊಳಗೆ ಬೇರೆ ಕೆಲಸಗಳು ಹತ್ತಿ ಇಳಿದು ಎಲ್ಲಾ ಚೆಲ್ಲಾಪಿಲ್ಲಿ ಆಗಿರ್ತೈತೆ. ಒಳಗೆ ಕರ್ನಲ್ ಅಂತ ಒಂದೈತೆ, ಕಂಡಕ್ಟರ್ ಇದ್ದಂಗೆ. ಅದು ಜಾಗ ಇಲ್ಲ ಅಂತೈತೆ, ಮಗ್ಗ ನಿಲ್ತೈತೆ."

"ಹಂಗಾದ್ರೆ ಏನು ಮಾಡ್ತೀರಿ?" ಎಂದೆ.

"ಬಸ್ಸು ಸ್ಟ್ಯಾಂಡಿಗೆ ಬರ್ತಿದ್ದಂಗೆ ಕಿಟಕಿಯಿಂದ ಟವೆಲ್ ಹಾಕಲ್ವಾ, ಹಂಗೆ. ಬೋರ್ಡು ಆನ್ ಆಗ್ತಿದ್ದಂಗೆ, ಯಾರೂ ಹತ್ತೋ ಮುಂಚೆ, ಜಕಾರ್ಡಿಗೆ ಅಂತ ಒಂದು ತುಂಡು ಹಿಡಿದಿಡೋದು."

"ಟವೆಲ್ ಎತ್ತಿ ಬಿಸಾಕಿ ಕೂರೋರೂ ಇರ್ತಾರೆ," ಎಂದರು ಮಾವ.

"ಕಂಡಕ್ಟ್ರೇ ಹಾಕಿದ ಟವೆಲ್ ನಾಯ್ನಾ. ಯಾರು ಎತ್ತಾರೆ?"

ಸಂಜೆಗೆ ಬರೆದು ಮುಗಿಸಿದರು. ಆದರೆ ಹೊಸದಾಗಿ ಆನ್ ಮಾಡಿದಾಗ ಮಾತ್ರ ಅದು ಜಾಗ ಹಿಡಿಯುತ್ತಿತ್ತು. ನಾನು ಬಿಚ್ಚಿ ಮತ್ತೆ ನೇಯುತ್ತಿದ್ದ ಗಿಳಿ ಅರ್ಧದಲ್ಲಿತ್ತು. "ಇದು ಮುಗಿಸಿ ಆಫ್ ಮಾಡು ಪದ್ಮಾ. ನಾಳೆ ಸಂಜೆ ಬಂದು ಹೆಂಗೆ ನಡೀತು ನೋಡ್ತೀನಿ," ಎಂದರು.

ಮರುದಿನ ಬೆಳಿಗ್ಗೆ ನಾನು ಮಗ್ಗದ ಗುಂಡಿಗೆ ಇಳಿಯುವ ಮೊದಲೇ ಚಳ್ಳಕೆರೆಯಿಂದ ಫೋನ್ ಬಂತು. ಯಜಮಾನರು ಅಂಗಡಿಯ ಬೀಗ ತೆಗೆಯುತ್ತಾ ಕುಸಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಸೂತಕ ಕಳೆಯುವವರೆಗೆ ಮಗ್ಗ ಮುಟ್ಟಲಿಲ್ಲ. ಆಮೇಲೂ ಸ್ವಲ್ಪ ಕಾಲ ಬಟ್ಟೆ ಹೊದಿಸಿಯೇ ಇತ್ತು. ಒಂದು ಬೆಳಿಗ್ಗೆ ನೋಡಿದರೆ ಮಾವ ಅಟ್ಟದಿಂದ ಹಳೆಯ ಕಾರ್ಡಿನ ಮಾಲೆ ಇಳಿಸಿ ಧೂಳು ಕೊಡವುತ್ತಿದ್ದರು.

"ಅಮ್ಮಾಯಿ, ಆ ಬೋರ್ಡು ಕೆಟ್ರೆ ಇನ್ನು ಯಾರನ್ನ ಕರೀತೀಯ? ತೆಗ್ದುಬಿಡಾನ."

ತೆಗೆದರೆ ಅವರು ಮಾಡಿದ ಕೊನೆಯ ಕೆಲಸವೂ ಮನೆಯಿಂದ ಹೋಗುತ್ತಿತ್ತು. ಅದು ಸರಿಯಾಗಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಡೆಯುವುದನ್ನು ಅವರೂ ನೋಡಿರಲಿಲ್ಲ.

"ಇವತ್ತೊಂದು ದಿನ ನೇಯ್ತೀನಿ ಮಾವ. ನಿಂತ್ರೆ ನೀವೇ ತೆಗೀರಿ."

ಮಾವ ಕಾರ್ಡುಗಳನ್ನು ಪಕ್ಕಕ್ಕಿಟ್ಟು ಕೂತರು.

ಆನ್ ಮಾಡಿದೆ. ಬೆಳಿಗ್ಗೆ ನಡೆಯಿತು. ಬೆಳಿಗ್ಗೆ ಯಾವಾಗಲೂ ನಡೆಯುತ್ತಿತ್ತು, ಅದರಲ್ಲಿ ಹೊಸದೇನಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಗಿಳಿಯ ಬಾಲ ಬಂತು, ರೆಕ್ಕೆ ಬಂತು. ಲಾಳಿ ಎಳೆಯುವ ನನ್ನ ಕೈ ತಾನಾಗಿ ನಿಧಾನವಾಯಿತು. ತಲೆ ಬಂತು. ಅದರ ಮುಂದಿನ ಗಿಳಿಗೂ ಬಂತು. ಹೊತ್ತು ಇಳಿಯುವವರೆಗೂ ಮಗ್ಗ ನಿಲ್ಲಲಿಲ್ಲ.

ಮಾವ ಎದ್ದು ಬಂದು ಬಗ್ಗಿ ನೋಡಿದರು. "ಕಂಡಕ್ಟ್ರು ಜಾಗ ಕೊಟ್ಟ," ಎಂದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಇವತ್ತಿಗೂ ಅದೇ ಬೋರ್ಡಿನಲ್ಲಿ ನೇಯುತ್ತೇನೆ. ಮಧ್ಯಾಹ್ನ ಈಗ ಮಗ್ಗ ನಿಲ್ಲುವುದಿಲ್ಲ. ಮೊದಲು ನಿಂತ ಕೂಡಲೇ ಅಂಗಡಿಗೆ ಫೋನ್ ಮಾಡುತ್ತಿದ್ದೆ. ಗಿರಾಕಿಗಳಿದ್ದರೂ ಎತ್ತಿ, "ಮತ್ತೆ ನಿಂತೈತಾ? ಇರ್ಲಿ ಬಿಡು, ಊಟ ಮಾಡಿದ್ಯಾ?" ಎನ್ನುತ್ತಿದ್ದರು. ಊಟ ಮಾಡಿದೆಯಾ ಎಂದು ಈಗ ಮಧ್ಯಾಹ್ನ ಯಾರೂ ಕೇಳುವುದಿಲ್ಲ.