ಎಡಗೈಯ ಬೆಸುಗೆ

ಮೊನ್ನೆ ಇಳಕಲ್ಲಿನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಬೆಸುಗೆ ಹಾಕುತ್ತಿದ್ದರು. ಸುಟ್ಟ ರಾಳದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಸಾಹೇಬರು ಕಣ್ಣ ಮುಂದೆ ಬಂದರು...

ನಾನು ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಕೂಡಿಸುವ ಕೆಲಸದವನು. ಅವರು ನನ್ನ ಮೇಲಿನ ಇಂಜಿನಿಯರು. ನೆಲ ಅಗೆದು ಹಳೆಯ ಜೋಡಣೆ ಬಿಚ್ಚಿದರೆ, ತಂತಿ ಸುತ್ತಿದ ರೀತಿ ನೋಡಿಯೇ ಅದು ಯಾರ ಕೈಯದೆಂದು ನಾವು ಹೇಳುತ್ತಿದ್ದೆವು. ಕೈಬರಹ ಇದ್ದ ಹಾಗೆ ಅದು. ನಾನು ಒಮ್ಮೆಯೂ ತಪ್ಪಿದವನಲ್ಲ. ಮುಂದೆ ಸಾಹೇಬರು ಸರಕಾರಿ ನೌಕರಿ ಬಿಟ್ಟು, ಬಾಗಲಕೋಟೆಯಲ್ಲಿ ತಗಡಿನ ಶೆಡ್ಡು ಹಿಡಿದು ಎಕ್ಸ್‌ಚೇಂಜುಗಳಿಗೆ ಬೇಕಾದ ಸಲಕರಣೆ ತಯಾರಿಸಿದರು. ಊರು ನಕ್ಕಿತು. ಕಂಪನಿ ಬೆಳೆಯಿತು. ವಯಸ್ಸಾದ ಮೇಲೆ ಅದನ್ನು ಮಾರಿ, ಹೊಸದಾಗಿ ಉದ್ಯಮ ಹೂಡುವ ಎಳೆಯರಿಗೆ ಬಂಡವಾಳ ಹಾಕತೊಡಗಿದರು. ದುಡ್ಡು ಹಾಕುವ ಮೊದಲು, ಹೆಣ್ಣು ನೋಡಲು ಹೋಗುವವರಂತೆ ನೆರೆಹೊರೆಯಲ್ಲಿ ವಿಚಾರಿಸುತ್ತಿದ್ದರು. ಇಳಕಲ್ಲು, ಹುನಗುಂದದ ಕಡೆಯವರ ಬಗ್ಗೆ ಕೇಳುತ್ತಿದ್ದುದು, ನಿವೃತ್ತನಾಗಿದ್ದ ನನ್ನನ್ನೇ.

ನನ್ನ ಮಗನೂ ಬಂಡವಾಳ ಕೇಳಿಕೊಂಡು ಅವರಲ್ಲಿಗೆ ಹೋಗಿದ್ದ. "ಇವಗ ಮಾಲೀಕ ಆಗೂದು ಬೇಕಾಗೇತಿ, ಕೆಲಸ ಬ್ಯಾಡಾಗೇತಿ" ಎಂದು ನನ್ನೆದುರೇ ಹೇಳಿ ಕಳಿಸಿದರು. ನಿಜವೇ ಅದು. ಆದರೂ ಚುಚ್ಚಿತು.

ಅದೇ ಹೊತ್ತಿಗೆ ಹುನಗುಂದದಲ್ಲಿ ಮೋಟಾರು ರಿಪೇರಿ ಮಾಡುವ ಮುಸ್ಲಿಂ ಮನೆಯ ಹುಡುಗಿಯೊಬ್ಬಳು ಒಂದು ಪೆಟ್ಟಿಗೆ ಮಾಡಿದ್ದಳು. ಬಾವಿಯ ನೀರು ತೀರಿದರೆ ಅದು ಪಂಪು ನಿಲ್ಲಿಸಿ ರೈತನ ಫೋನಿಗೆ ಕರೆ ಮಾಡುತ್ತಿತ್ತು. ಅವಳು ಬಂಡವಾಳ ಕೇಳಿದ್ದಳು. ಹೇಗೆ ಹುಡುಗಿ ಎಂದು ಸಾಹೇಬರು ನನ್ನನ್ನು ಕೇಳಿದರು. ನಾನು ಅವಳ ಅಂಗಡಿಯ ಮೆಟ್ಟಿಲನ್ನೂ ಹತ್ತಿರಲಿಲ್ಲ. "ಹುಬ್ಬಳ್ಳಿಯಿಂದ ತಯಾರ ಮಾಲ ತಂದು ತನ್ನ ಹೆಸರು ಹಚ್ಚ್ಯಾಳ್ರಿ" ಎಂದುಬಿಟ್ಟೆ.

"ಹೌದಾ? ನಡಿ ಹಂಗಾರ, ಇಬ್ರೂ ನೋಡಿಬರೂಣು."

ಅವಳ ಅಂಗಡಿಯಲ್ಲಿ ತಯಾರಾಗಿದ್ದ ಒಂದು ಪೆಟ್ಟಿಗೆ ಬಿಚ್ಚಿಸಿದರು. ಪಕ್ಕದಲ್ಲಿ ಅವಳು ಆಗಷ್ಟೇ ಬೆಸೆಯುತ್ತಿದ್ದ ಇನ್ನೊಂದು ಇತ್ತು. ಎರಡನ್ನೂ ನನ್ನ ಮುಂದಿಟ್ಟು, "ನೀನ ಹೇಳಪಾ, ಇವು ಯಾರ ಕೈ?" ಎಂದರು.

ತಂತಿಯ ಸುತ್ತೆಲ್ಲ ಎಡಕ್ಕೆ. ಎರಡರಲ್ಲೂ ಹಾಗೆಯೇ. ಹುಡುಗಿ ಎಡಗೈಯವಳು... ಬಾಯಿಂದ ಎಂಥ ಸುಳ್ಳನ್ನೂ ಹೇಳಬಲ್ಲೆ, ಆದರೆ ಜೋಡಣೆ ನೋಡಿ ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ಎರಡೂ ಇಕಿ ಕೈರಿ ಸಾಹೇಬ್ರ."

ಸಾಹೇಬರು ಹುಬ್ಬಳ್ಳಿಯ ಮಾತು ಎತ್ತಲಿಲ್ಲ. ಅವಳ ಕಡೆ ತಿರುಗಿ, "ತಂಗೀ, ಈ ಮುದುಕ ಯಾರನ್ನೂ ಲಗೂನ ಒಪ್ಪಂವ ಅಲ್ಲ. ಅಂವನ ಒಪ್ಪ್ಯಾನಂದ್ರ ನಂದೇನೈತಿ?" ಎಂದು ನಕ್ಕರು. ದಾರಿಯಲ್ಲೂ ಎತ್ತಲಿಲ್ಲ. ಆಮೇಲೂ ಯಾರ ಬಗ್ಗೆ ಕೇಳಬೇಕಾದರೂ ನನಗೇ ಫೋನು ಮಾಡಿದರು. ನಾನು ಮತ್ತೆ ಸುಳ್ಳಾಡಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ... ಇವತ್ತು ನಾಳೆ ಎನ್ನುವಷ್ಟರಲ್ಲಿ ಅವರು ತೀರಿಕೊಂಡರು.

ಈಗ ಆ ಹುಡುಗಿಯ ಪೆಟ್ಟಿಗೆಗಳು ಕೆರೂರು, ಕಲಾದಗಿಯ ಹೊಲಗಳಲ್ಲೂ ಇವೆ. ಎಲ್ಲಿ ಸಿಕ್ಕರೂ, "ಕಾಕಾ, ಅವತ್ತ ನೀವು ನನ್ನ ಪರವಾಗಿ ನಿಂದರಲಿಲ್ಲಂದ್ರ ನಾ ಎಲ್ಲಿರ್ತಿದ್ದೆ?" ಎಂದು ನಾಲ್ಕು ಜನರೆದುರು ಹೇಳುತ್ತಾಳೆ. ಅದು ಹಾಗಲ್ಲವೆಂದು ಬಲ್ಲವರು ಇಬ್ಬರಿದ್ದೆವು. ಈಗ ನಾನೊಬ್ಬನೇ. ಇದು ಅಚ್ಚಾದರೆ ಅವಳ ಕಣ್ಣಿಗೂ ಬೀಳುತ್ತದೆ. ಬೀಳಲಿ ಎಂದೇ ಬರೆದಿದ್ದೇನೆ.