ಹೊಟ್ಟೆಯ ನೆಪ

ನನ್ನ ಗಂಡನಿಗೆ ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ನಮ್ಮ ಯಡಿಯೂರಿನ ಮನೆಯಲ್ಲಿ ಮಾತೆಂದರೆ ಹೊಟ್ಟೆಯದು ಮಾತ್ರ. ಬೆಳಗ್ಗೆ ಎದ್ದರೆ ಹೊಟ್ಟೆ ಉಬ್ಬರ, ಮಧ್ಯಾಹ್ನ ಹುಳಿತೇಗು, ಸಂಜೆ ಹಸಿವಿಲ್ಲ. ಕೆರೆಯ ಸುತ್ತ ವಾಕಿಂಗ್ ನಿಂತಿತು. ಮಹಡಿಯ ಬಾಡಿಗೆಯವರ ನಲ್ಲಿ ಸೋರಿದರೆ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ ಮನುಷ್ಯ, ಈಗ ನೀರು ಮೆಟ್ಟಿಲಿಳಿದು ಬಂದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮೊಮ್ಮಗಳು ಕೈ ಹಿಡಿದು ಎಳೆದರೂ ಅಷ್ಟೇ.

ನೋಡಲು ಬಂದವರಿಗೆಲ್ಲ ಹೊಟ್ಟೆಯ ವರದಿ. ಬಂದವರೇನು ಕಡಿಮೆಯೇ? ಒಬ್ಬರು ಮೊಸರು ಮುಟ್ಟಬೇಡಿ ಎಂದರೆ ಇನ್ನೊಬ್ಬರು ಮಜ್ಜಿಗೆ ಬಿಟ್ಟು ಬೇರೇನೂ ಬೇಡ ಎನ್ನುವರು. ಅವರವರ ಮಾತಿಗೆ ತಕ್ಕಂತೆ ಅಡುಗೆ ಮಾಡಿ ಮಾಡಿ ನನಗೆ ಸಾಕಾಗಿಹೋಗಿತ್ತು. ತಟ್ಟೆ ಮಾತ್ರ ಹಾಗೇ ವಾಪಸ್ ಬರುತ್ತಿತ್ತು.

ಚೆಕಪ್‌ಗೆ ಹೋದಾಗ ಹೃದಯದ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಸಮಾಧಾನವಾಗಿ ಹೇಳಿದರು: "ಇವೆಲ್ಲ ಬೇರೆ ಬೇರೆ ಅಲ್ಲಮ್ಮ. ಹೊಟ್ಟೇಲಿರೋ ಒಳ್ಳೆ ಬ್ಯಾಕ್ಟೀರಿಯಾ ಹಾಳಾದ್ರೆ ಇಮ್ಯುನಿಟಿ ಏರುಪೇರಾಗುತ್ತೆ. ಅದು ಹಾರ್ಟಿಗೂ ಒಳ್ಳೇದಲ್ಲ, ಮನಸ್ಸಿಗೂ ಒಳ್ಳೇದಲ್ಲ. ಮನಸ್ಸು ಕುಗ್ಗಿದ್ರೆ ಹೊಟ್ಟೆ ಇನ್ನೂ ಕೆಡುತ್ತೆ. ಮನಸ್ಸಿನ ಡಾಕ್ಟ್ರನ್ನ ಒಂದ್ಸಲ ನೋಡಿ."

ಇವರು ಅದರಲ್ಲಿ ಹೊಟ್ಟೆಯ ಭಾಗವನ್ನಷ್ಟೇ ಕೇಳಿಸಿಕೊಂಡರು. ಮನಸ್ಸಿನ ಮಾತು ತೆಗೆದಾಗೆಲ್ಲ "ನಂಗೇನ್ ತಲೆ ಕೆಟ್ಟಿದ್ಯಾ?" ಎಂದು ಎಗರುತ್ತಿದ್ದರು. ನಮ್ಮ ಗಂಡಸರೇ ಹೀಗೆ. ಭೇದಿಯಾದದ್ದನ್ನು ಬಸ್ ಸ್ಟಾಪಿನಲ್ಲಿ ನಿಂತು ಹೇಳಿಯಾರು, ಭಯವಾಗುತ್ತಿದೆ ಎಂದು ಹೆಂಡತಿಗೆ ಹೇಳಲಾರರು.

ಕೊನೆಗೆ ರೋಸಿಹೋಗಿ ಸುಳ್ಳು ಹೇಳಿದೆ. "ಜಯನಗರ ಫೋರ್ತ್ ಬ್ಲಾಕಲ್ಲಿ ಒಳ್ಳೆ ಹೊಟ್ಟೆ ಡಾಕ್ಟ್ರಿದಾರಂತೆ, ಹೋಗ್ಬರೋಣ ಬನ್ನಿ." ಕೂಡಲೇ ಶರ್ಟು ಹಾಕಿಕೊಂಡು ಹೊರಟರು.

ಮನಸ್ಸಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲೇ ಫೋನಿನಲ್ಲಿ ಅವರಿಗೆ ವಿಷಯ ತಿಳಿಸಿದ್ದೆ. "ಹೊಟ್ಟೆ ಯಾವಾಗ ಜಾಸ್ತಿ ಕೆಡುತ್ತೆ ಸಾರ್?" ಎಂದು ಕೇಳಿದರು.

"ಮಲಗೋ ಹೊತ್ಗೆ ಮೇಡಂ," ಎಂದರು ಇವರು. "ಕಣ್ಣು ಮುಚ್ಚಿದ್ರೆ ಮತ್ತೆ ಬಿಡ್ತೀನೋ ಇಲ್ವೋ ಅಂತ ಭಯ. ಆಗ ಹಿಂಡಕ್ಕೆ ಶುರುವಾಗುತ್ತೆ."

ಪಕ್ಕದಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಹಾಸಿಗೆಯಲ್ಲಿ ಮಲಗುವವಳು ನಾನು. ಏನಾಗುತ್ತಿದೆ ಎಂದು ಕೇಳಿ ಕೇಳಿ ನನ್ನ ಬಾಯಿ ಒಣಗಿತ್ತು. ಈಗ ಮುಖಪರಿಚಯವೂ ಇಲ್ಲದ ಹುಡುಗಿಯ ಮುಂದೆ ಕೂತ ಕೂಡಲೇ ಎಲ್ಲ ಹೊರಗೆ ಬಂತು. ಅಳುವೂ ಬಂತು, ಇವರಿಗಲ್ಲ, ನನಗೆ.

ರಸ್ತೆಗೆ ಬಂದು ಆಟೋಗೆ ಕಾಯುವಾಗ ತಡೆಯಲಾಗದೆ "ಅವರು ಹೊಟ್ಟೆ ಡಾಕ್ಟ್ರಲ್ಲ ಕಣ್ರೀ" ಎಂದುಬಿಟ್ಟೆ. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ತಿರುಗಿ ಬೈಯಲು ಇನ್ನೂ ಹೆಚ್ಚು ಸಿದ್ಧಳಾಗಿದ್ದೆ.

ಇವರು ನನ್ನ ಕಡೆ ತಿರುಗದೆಯೇ ಹೇಳಿದರು: "ಬೋರ್ಡ್ ಓದ್ಕೊಂಡೇ ಒಳಗ್ ಬಂದೆ ಕಣೇ. ನೀನು ಹೊಟ್ಟೆ ಅಂದ್ಯಲ್ಲ, ಅದಕ್ಕೇ ಬರಕ್ಕಾಯ್ತು."