ನೀರು ಕುಡಿಯದ ದೊಡ್ಡಮ್ಮ

“ಈ ಮನೆಯಿಂದ ಒಬ್ಬಳು ಡಿಗ್ರಿ ಮಾಡುವುದು ಆಗುವ ಮಾತಲ್ಲ” ಎಂದವರು ಕಾರ್ಕಳದ ಕಲ್ಲುಕೋರೆಯಲ್ಲಿ ದುಡಿಯುತ್ತಿದ್ದ ನನ್ನ ಸೋದರಮಾವ. ಅದನ್ನು ಕೇಳಿ ಅವರ ಅಕ್ಕ, ಎಂದರೆ ನನ್ನ ದೊಡ್ಡಮ್ಮ, ಜೋರಾಗಿ ನಕ್ಕಳು. ನಕ್ಕ ಕೂಡಲೇ ಅವಳ ಕೆಳತುಟಿ ಒಡೆದು ರಕ್ತ ಬಂತು. ಸೆರಗಿನಿಂದ ಒರೆಸಿಕೊಂಡು, “ನೀನು ಕಲ್ಲು ಒಡಿ ಮಾರಾಯ. ಇವಳು ಓದಲಿ” ಎಂದಳು.

ಅವಳ ತುಟಿ ಮಳೆಗಾಲದಲ್ಲೂ ಒಡೆದೇ ಇರುತ್ತಿತ್ತು. ಕಾಪು ಮಾರ್ಕೆಟ್ಟಿಗೆ ಮೀನು ಮಾರಲು ಹೋದವಳು ಮಧ್ಯಾಹ್ನ ಮನೆಗೆ ಬರುವವರೆಗೆ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಅವಳು ಅಲ್ಲಿ ಕೂರಲು ಶುರು ಮಾಡಿದಾಗ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಆಮೇಲೆ ಬಂತು; ಅಭ್ಯಾಸ ಹೋಗಲಿಲ್ಲ. “ನೀರು ಕುಡಿದರೆ ಏಳಬೇಕು, ಎದ್ದರೆ ಗಿರಾಕಿ ಪಕ್ಕದವಳಿಗೆ” ಎನ್ನುತ್ತಿದ್ದಳು. ಬುಟ್ಟಿಯ ಬಂಗುಡೆಗೆ ಮಾತ್ರ ಆಗಾಗ ನೀರು ಚಿಮುಕಿಸುತ್ತಿದ್ದಳು. ಅವಳು ಏಳದೆ ಕೂತ ಆ ಗಂಟೆಗಳ ದುಡಿಮೆಯಲ್ಲೇ ನಾನು ಮಣಿಪಾಲದ ಬಸ್ಸು ಹತ್ತಿ ಡಯಾಲಿಸಿಸ್ ತಂತ್ರಜ್ಞಾನ ಓದಿದ್ದು.

ನಾನು ಕೊನೆಯ ವರ್ಷದಲ್ಲಿದ್ದಾಗ ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟತೊಡಗಿತು. ಹೃದಯದ ಕವಾಟ ಗಟ್ಟಿಯಾಗಿದೆ, ಈ ವಯಸ್ಸಿನಲ್ಲಿ ಎದೆ ತೆರೆಯುವುದು ಬೇಡ, ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸೋಣ ಎಂದರು ವೈದ್ಯರು. ಎಕ್ಸ್-ರೇಯಲ್ಲಿ ದಾರಿ ಕಾಣಲು ರಕ್ತಕ್ಕೆ ಬಿಡುವ ಔಷಧ, ಮೈಯಲ್ಲಿ ನೀರು ಕಡಿಮೆಯಿದ್ದರೆ, ಕಿಡ್ನಿಗೆ ಹೊರೆ. ಅದಕ್ಕೇ ಕೇಳಿದರು: “ನೀರು ಸರಿಯಾಗಿ ಕುಡಿಯುತ್ತೀರಾ ಅಮ್ಮ?”

“ಕುಡಿಯದೆ ಎಂತ ಡಾಕ್ಟ್ರೇ? ಬಾವಿ ತುಂಬ ನೀರುಂಟು.”

ನಾನು ಪಕ್ಕದಲ್ಲೇ ಇದ್ದೆ. ನಿಜ ಹೇಳಿದರೆ ಕಾರಣವನ್ನೂ ಹೇಳಬೇಕಿತ್ತು. ಮೂತ್ರ ತಡೆದುಕೊಂಡು ಮೀನು ಮಾರುವವರ ಮನೆಯವಳು ನಾನು ಎಂದು ಅವರ ಮುಂದೆ ಹೇಳಲು ನಾಚಿಕೆಯಾಯಿತು. ಕವಾಟ ಕೂರಿಸುವ ಹಿಂದಿನ ದಿನ, ಕುಡಿಯಲೆಂದು ನರ್ಸ್ ಇಟ್ಟ ಬಾಟಲಿಯ ನೀರನ್ನು ಅವಳು ಬೇಸಿನ್ನಿಗೆ ಸುರಿದಳು. “ಏಳ್ಲಿಕ್ಕೆ ಆ ಹುಡುಗಿಯನ್ನು ಎಷ್ಟು ಸಲ ಕರೆಯುವುದು ಮಾರಾಯ್ತಿ, ಪಾಪ.” ಅದನ್ನೂ ಯಾರಿಗೂ ಹೇಳಲಿಲ್ಲ.

ಕವಾಟ ಚೆನ್ನಾಗಿ ಕೂತಿತು. ಮರುದಿನದಿಂದ ಮೂತ್ರ ಕಡಿಮೆಯಾಯಿತು, ಕಿಡ್ನಿ ಸೋತದ್ದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿತು, ಮುಖ ಊದಿತು. ಆಗ ವೈದ್ಯರಿಗೆ ಎಲ್ಲ ಹೇಳಿದೆ. “ವಯಸ್ಸು, ಔಷಧ, ಕಾರಣ ಹಲವು ಇರುತ್ತವೆ. ಆದರೂ ಗೊತ್ತಿದ್ದರೆ ಮೊದಲೇ ಡ್ರಿಪ್ ಬಗ್ಗೆ ಯೋಚಿಸುತ್ತಿದ್ದೆವು” ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ಕಲಿತ ಯಂತ್ರಕ್ಕೇ ಅವಳನ್ನು ಜೋಡಿಸಿದರು. ಕಿಡ್ನಿ ಚೇತರಿಸದಿದ್ದರೆ ಜೀವ ಇರುವವರೆಗೂ ಅದೇ ಗತಿ. ಅವಳು ಮಾತ್ರ ಟೆಕ್ನಿಷಿಯನ್‌ಗೆ, “ನಮ್ಮ ಹುಡುಗಿ ಇದನ್ನೇ ಕಲಿಯುವುದು. ಸರಿಯಾಗಿ ಬರ್ತದಾ, ಪ್ರಶ್ನೆ ಕೇಳಿ ನೋಡಿ” ಎಂದಳು. ಅವನು ಕೇಳಿದ. ನಾನು ಅವಳ ಹೊದಿಕೆ ಸರಿಪಡಿಸುತ್ತ ನಿಂತೆ.

ಎರಡು ಸಲ ಡಯಾಲಿಸಿಸ್ ಆಯಿತು. ಮೂರನೆಯದಕ್ಕೆ ಕರೆದೊಯ್ಯಬೇಕಾದ ಬೆಳಿಗ್ಗೆ ನನ್ನ ಮಣಿಕಟ್ಟು ಹಿಡಿದಳು.

“ಏಳಬೇಕು ಮಾರಾಯ್ತಿ. ಬೇಗ.”

ಬಂದ ಮೂತ್ರವನ್ನು ನಾನೇ ಅಳೆದು ಚಾರ್ಟಿನಲ್ಲಿ ಬರೆದೆ. ಇಷ್ಟು ವರ್ಷದ ಓದಿನಲ್ಲಿ ಬರೆದದ್ದರಲ್ಲೆಲ್ಲ ನೆನಪಿರುವುದು ಅದೊಂದೇ ಅಂಕಿ. ಮೂರನೆಯ ಡಯಾಲಿಸಿಸ್ ಬೇಕಾಗಲಿಲ್ಲ.

ಪದವಿ ಪ್ರದಾನದ ದಿನ ದೊಡ್ಡಮ್ಮ ಮತ್ತು ಮಾವ ಸಭಾಂಗಣದಲ್ಲಿ ಅಕ್ಕಪಕ್ಕ ಕೂತಿದ್ದರು. ನನ್ನ ಹೆಸರು ಕರೆದರು. ಪ್ರಮಾಣಪತ್ರ ಕೈಗೆ ಬಂತು. ತಿರುಗಿ ನೋಡಿದರೆ ಅವಳ ಕುರ್ಚಿ ಖಾಲಿ.

ಇಳಿದು ಓಡಿದೆ. ಮಾವ, “ನಿನ್ನ ಹೆಸರು ಕರೆಯುವ ಹೊತ್ತಿಗೇ ಎದ್ದು ಹೋದಳು. ಎಂಥ ಹೆಂಗಸು!” ಎಂದರು. ಅಷ್ಟರಲ್ಲಿ ನೀರಿನ ಬಾಟಲಿ ಹಿಡಿದು ಅವಳೇ ಬಂದಳು. ಪ್ರಮಾಣಪತ್ರ ಅವಳ ಕೈಗೆ ಕೊಟ್ಟೆ. ತೆಗೆದುಕೊಳ್ಳುವ ಮೊದಲು ಎರಡೂ ಕೈ ಸೆರಗಿಗೆ ಒರೆಸಿಕೊಂಡಳು. ತುಟಿ ಒಡೆದಿರಲಿಲ್ಲ.

“ಕೊಡುವುದು ನೋಡ್ಲಿಕ್ಕೆ ಆಗ್ಲಿಲ್ಲ,” ಎಂದಳು. “ಎಂತ ಮಾಡುವುದು? ತಡೆದು ಕೂತಿದ್ರೆ ನೀನೇ ಬೈತಿದ್ದೆ, ಅಲ್ವಾ?”